ಮೊದಲು ರೇಡಿಯೋ ಸೌಂಡ್ ಕಮ್ಮಿ ಮಾಡಿ!

"ಹಲೋ, ನಮಸ್ಕಾರ. ಯಾರು ಮಾತಾಡ್ತಾ ಇರೋದು?"

"ಹಲೋ... ಹಲೋ... ಮೇಡಂ, ಕೇಳಿಸ್ತಾ ಇದ್ಯಾ?"

"ಕೇಳಿಸ್ತಾ ಇದೆ, ಹೇಳಿ. ಮೊದಲು ನಿಮ್ಮ ರೇಡಿಯೋ ಸೌಂಡ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ."

ರೇಡಿಯೋ ಕೇಳುವ ಅಭ್ಯಾಸವುಳ್ಳ ಯಾರಿಗೂ ಈ ಮಾತುಕತೆ ಹೊಸದಲ್ಲ. ಚಿತ್ರಗೀತೆ ಕೇಳುವ ಫೋನ್-ಇನ್ ಇರಲಿ, ಕೃಷಿ ತಜ್ಞರೊಂದಿಗಿನ ಫೋನ್-ಇನ್ ಇರಲಿ, ಮನೋವೈದ್ಯರು ಕೂತು ಉತ್ತರಿಸುವ ಫೋನ್-ಇನ್ ಇರಲಿ, ಆರಂಭ ಮಾತ್ರ ಹೀಗೆಯೇ. ಕರೆ ಸಿಕ್ಕ ಸಂತೋಷದಲ್ಲಿ ಪಕ್ಕದಲ್ಲಿ ಹಾಡುತ್ತಿರುವ ತನ್ನದೇ ರೇಡಿಯೋವನ್ನು ಮನುಷ್ಯ ಮರೆತಿರುತ್ತಾನೆ.

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ಕಡೆ ಸೇರಿ ನಾನು ವಿಜ್ಞಾನದ ಮೇಷ್ಟ್ರಾಗಿ 27 ವರ್ಷ ಕಳೆದಿದ್ದೇನೆ. ಧ್ವನಿಯ ಪಾಠ ಬಂದಾಗಲೆಲ್ಲ ಈ 'ರೇಡಿಯೋ ಸೌಂಡ್ ಕಮ್ಮಿ ಮಾಡಿ' ಎಂಬ ಮಾತಿನಿಂದಲೇ ಶುರು ಮಾಡುವುದು ನನ್ನ ರೂಢಿ. ಕರೆ ಮಾಡಿದವನ ಮಾತು ಫೋನಿನಿಂದ ಸ್ಟುಡಿಯೋಗೆ ಹೋಗುತ್ತದೆ. ಅಲ್ಲಿಂದ ಪ್ರಸಾರವಾಗಿ ಅವನ ಮನೆಯ ರೇಡಿಯೋದಲ್ಲೇ ಹೊರಬೀಳುತ್ತದೆ. ಅದನ್ನು ಅವನ ಫೋನು ಮತ್ತೆ ಹಿಡಿದು ಮತ್ತೆ ಸ್ಟುಡಿಯೋಗೆ ಕಳಿಸುತ್ತದೆ. ಹೀಗೆ ಒಂದೇ ಮಾತು ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ, ಕೊನೆಗೆ ಅರ್ಥವೇ ಇಲ್ಲದ ಪ್ರತಿಧ್ವನಿಯಾಗುತ್ತದೆ, ಇಲ್ಲವೆ 'ಕುಂಯ್' ಎಂಬ ಕಿರುಚಾಟವಾಗುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಮೈಕನ್ನು ಸ್ಪೀಕರಿನ ಎದುರು ಹಿಡಿದಾಗ ಆಗುವುದೂ ಇದೇ. ಈಗ ಮೊಬೈಲಿನ ಆ್ಯಪ್‌ನಲ್ಲಿ ಬಾನುಲಿ ಕೇಳುವವರಿಗೆ ಇನ್ನೊಂದು ಪೇಚು: ಅಲ್ಲಿ ಪ್ರಸಾರ ಕೆಲವು ಸೆಕೆಂಡು ತಡವಾಗಿ ಬರುವುದರಿಂದ, ತಾನು ಆಗಲೇ ಆಡಿ ಮುಗಿಸಿದ ಮಾತು ಕಿವಿಗೆ ಬಿದ್ದು ಮುಂದಿನ ಮಾತೇ ತಪ್ಪಿಹೋಗುತ್ತದೆ.

ಮನಸ್ಸಿನ ಕಳವಳವೂ ಹೀಗೆಯೇ ಎಂದು ನನಗೆ ಅನ್ನಿಸಿದ್ದು ಬಹಳ ತಡವಾಗಿ. 'ಫೇಲಾಗಿಬಿಟ್ಟರೆ?' ಎಂಬ ಒಂದೇ ಮಾತು ತಲೆಯೊಳಗೆ ಸುತ್ತುತ್ತದೆ. ಒಂದೊಂದು ಸುತ್ತಿಗೂ ಅದರ ಸದ್ದು ಹೆಚ್ಚುತ್ತದೆ. ಹೊರಗಿನಿಂದ ಒಬ್ಬರು 'ಸ್ವಲ್ಪ ಸೌಂಡ್ ಕಮ್ಮಿ ಮಾಡು, ಈಗ ಹೇಳು' ಎನ್ನುವವರೆಗೂ ಆ ಸುತ್ತು ಕಡಿಯುವುದಿಲ್ಲ.

ಏನೇನು ಕೇಳುತ್ತಾರೆ?

ಇಂಥ ಕಾರ್ಯಕ್ರಮಗಳಿಗೆ ಬರುವ ಕರೆಗಳನ್ನು ಕೇಳಿದರೆ ದೊಡ್ಡ ದೊಡ್ಡ ರೋಗಗಳ ಮಾತು ಬರುವುದು ಅಪರೂಪ. ಬಹುಪಾಲು ದಿನನಿತ್ಯದ ತಳಮಳಗಳೇ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಓದಿದ್ದೆಲ್ಲ ಮರೆತುಹೋಗುತ್ತದೆ. ನಾಲ್ಕು ಜನರ ಮುಂದೆ ನಿಂತರೆ ಕಾಲು ನಡುಗುತ್ತದೆ. ಪ್ರಾಣಸ್ನೇಹಿತೆಯಾಗಿದ್ದವಳು ಕಾರಣ ಹೇಳದೆ ಮಾತು ಬಿಟ್ಟಿದ್ದಾಳೆ. ಅಪ್ಪ ಮನೆಯಲ್ಲಿದ್ದರೂ ಬೈಯಲಿಕ್ಕೆ ಮಾತ್ರ ಬಾಯಿ ತೆರೆಯುತ್ತಾರೆ. ಟ್ಯೂಷನ್ನಿಗೆ ಬರುವ ಹುಡುಗನೊಬ್ಬ ದಿನವೂ ಮೊಬೈಲಿಗೆ ಸಂದೇಶ ಕಳಿಸುತ್ತಾನೆ, ಬೇಡವೆಂದರೂ ಬಿಡುವುದಿಲ್ಲ, ಮನೆಯಲ್ಲಿ ಹೇಳಿದರೆ ನನ್ನ ಓದೇ ನಿಂತುಹೋಗುತ್ತದೆ, ಏನು ಮಾಡಲಿ? ಹತ್ತನೆಯದು ಮುಗಿದ ತಕ್ಷಣ ಮದುವೆ ಮಾಡುತ್ತಾರಂತೆ, ನನಗೆ ಓದಬೇಕು.

ಈ ಕೊನೆಯ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಯಳಂದೂರಿನ ಸಂಚಿ ಹೊನ್ನಮ್ಮ ನೆನಪಾಗುತ್ತಾಳೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುವ ಕೆಲಸದಲ್ಲಿದ್ದ ಈ ಹೆಣ್ಣುಮಗಳು 17ನೇ ಶತಮಾನದಲ್ಲಿ 'ಹದಿಬದೆಯ ಧರ್ಮ' ಬರೆದಳು. ಹೆತ್ತ ತಾಯಿಯೂ ಹೆಣ್ಣೇ ಆಗಿರುವಾಗ ಹೆಣ್ಣುಮಗುವನ್ನು ಕೀಳಾಗಿ ಕಾಣುವುದೇಕೆ ಎಂದು ಅವಳು ಅಂದೇ ಕೇಳಿದ್ದಳು. ಮುನ್ನೂರು ವರ್ಷಗಳ ಮೇಲೂ ಅದೇ ಊರಿನ ಸುತ್ತಿನ ಹುಡುಗಿ ಅದೇ ಪ್ರಶ್ನೆಯನ್ನು ಹೆಸರು ಮರೆಸಿ ಕೇಳಬೇಕಾಗಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡುವುದು ಅಪರಾಧ ಎಂಬುದನ್ನು ಓದುಗ ಪೋಷಕರು ನೆನಪಿನಲ್ಲಿಡಬೇಕು.

ಮನಶ್ಶಾಸ್ತ್ರದ ಮನೆಯಲ್ಲಿ ಹುಟ್ಟಿದ ಬಾನುಲಿ

ರೇಡಿಯೋಗೂ ಮನಸ್ಸಿಗೂ ನಮ್ಮ ಸೀಮೆಯಲ್ಲಿ ಹಳೆಯ ನಂಟಿದೆ. ಮೈಸೂರಿನಲ್ಲಿ ಮೊದಲ ಬಾನುಲಿ ಕೇಂದ್ರವನ್ನು ಆರಂಭಿಸಿದವರು ಇಂಜಿನಿಯರೂ ಅಲ್ಲ, ವ್ಯಾಪಾರಿಯೂ ಅಲ್ಲ. ಅವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಹೆಸರಾಂತ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಪ್ರಸಾರ ಶುರು ಮಾಡಿದರು. ಪ್ರೇಷಕದ ಶಕ್ತಿ 30 ವ್ಯಾಟ್, ಅಂದರೆ ನಮ್ಮ ಅಜ್ಜಿಯ ಮನೆಯ ಪಡಸಾಲೆಯ 60 ವ್ಯಾಟಿನ ಬಲ್ಬಿನ ಅರ್ಧ! ಆ ಪುಟ್ಟ ಕೇಂದ್ರಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿಯೇ ತನ್ನದಾಗಿಸಿಕೊಂಡಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಬಂದದ್ದು 1974ರಲ್ಲಿ.

ನಾನು ಹುಡುಗನಾಗಿದ್ದಾಗ ಕೊಳ್ಳೇಗಾಲದಲ್ಲಿ ಬೆಂಗಳೂರಿನ 612 ಕಿಲೋಹರ್ಟ್ಸ್ ಕೇಳುತ್ತಿದ್ದೆವು. ಆ ತರಂಗದ ಉದ್ದ ಸುಮಾರು 490 ಮೀಟರ್. ಅಷ್ಟುದ್ದದ ಅಲೆ ನೆಲಕ್ಕೆ ಅಂಟಿಕೊಂಡು, ಗುಡ್ಡವನ್ನು ಬಳಸಿಕೊಂಡು ಬರಬಲ್ಲದು. ಮೈಸೂರಿನ ಎಫ್.ಎಂ. 100.6 ಮೆಗಾಹರ್ಟ್ಸ್‌ನ ಅಲೆಯ ಉದ್ದ ಕೇವಲ 3 ಮೀಟರ್. ದನಿ ಸ್ಫಟಿಕದಷ್ಟು ಸ್ವಚ್ಛ, ಆದರೆ ದಾರಿ ನೇರ. ಯಳಂದೂರಿನ ಬಯಲಿನಲ್ಲಿ ಚೆನ್ನಾಗಿ ಕೇಳುವ ನಿಲಯ ಹನೂರು ದಾಟಿ ಬೆಟ್ಟಗಳ ಸೆರಗಿಗೆ ಹೋದಂತೆ ಕೊಸರಾಡುವುದು ಇದೇ ಕಾರಣಕ್ಕೆ. ಅಲ್ಲಿನ ಹುಡುಗರು ರೇಡಿಯೋವನ್ನು ಕಿಟಕಿಗೆ ಒರಗಿಸಿ, ಏರಿಯಲ್ಲನ್ನು ಒಂದು ದಿಕ್ಕಿಗೆ ತಿರುಗಿಸಿ, ಉಸಿರು ಬಿಗಿಹಿಡಿದು ಕೇಳುವುದನ್ನು ಕಂಡಿದ್ದೇನೆ.

ಹತ್ತಿರದವರಿಗೆ ಹೇಳದ್ದು ದೂರದವರಿಗೆ

ಪಕ್ಕದಲ್ಲೇ ಮಲಗಿರುವ ಅವ್ವನಿಗೆ ಹೇಳಲಾಗದ ಮಾತನ್ನು ನೂರು ಕಿಲೋಮೀಟರ್ ದೂರದ, ಮುಖವನ್ನೇ ನೋಡದ ವೈದ್ಯರಿಗೆ, ಅದೂ ಸಾವಿರಾರು ಜನ ಕೇಳುವಾಗ ಹೇಗೆ ಹೇಳುತ್ತಾರೆ? ಮೇಲ್ನೋಟಕ್ಕೆ ವಿಚಿತ್ರ. ಯೋಚಿಸಿದರೆ ಸಹಜ. ಮುಖ ಕಾಣದಿದ್ದರೆ ಎದುರಿನವರ ಹುಬ್ಬು ಗಂಟಿಕ್ಕಿದ್ದು ಕಾಣುವುದಿಲ್ಲ. ಹೇಳಿದ ಮಾತು ನಾಳೆ ಊಟದ ಹೊತ್ತಿನಲ್ಲಿ ಹಂಗಾಗಿ ತಿರುಗಿ ಬರುವುದಿಲ್ಲ. ಮುಖ್ಯವಾಗಿ, ಆ ಕಡೆಯವರು ಮಾತು ಮುಗಿಯುವವರೆಗೆ ಕೇಳುತ್ತಾರೆ.

ಲಂಡನ್ನಿನಲ್ಲಿ ಚಾಡ್ ವಾರಾ ಎಂಬ ಪಾದ್ರಿ 1953ರಲ್ಲಿ ತಮ್ಮ ಚರ್ಚಿನ ಫೋನನ್ನೇ ಇದಕ್ಕಾಗಿ ಮೀಸಲಿಟ್ಟರು. ಬದುಕು ಬೇಡವೆನಿಸಿದವರು ಕರೆ ಮಾಡಬಹುದು ಎಂದು ಸಾರಿದರು. ಸಲಹೆ ಕೊಡಲು ಕಾಯುತ್ತಿದ್ದ ಅವರ ಗಮನಕ್ಕೆ ಬಂದ ಸಂಗತಿಯೊಂದಿದೆ: ಭೇಟಿಗೆ ಬಂದು ಕಾದು ಕುಳಿತವರಿಗೆ ಅಲ್ಲಿದ್ದ ಸಾಮಾನ್ಯ ಸ್ವಯಂಸೇವಕರು ಟೀ ಕೊಟ್ಟು ಮಾತು ಕೇಳಿಸಿಕೊಂಡದ್ದರಿಂದಲೇ ಎಷ್ಟೋ ಜನರ ಭಾರ ಇಳಿದಿರುತ್ತಿತ್ತು. ಅಲ್ಲಿಂದ ಬೆಳೆದದ್ದೇ 'ಸಮಾರಿಟನ್ಸ್' ಸಂಸ್ಥೆ. ಕೇಳಿಸಿಕೊಳ್ಳುವುದೇ ಅರ್ಧ ಔಷಧ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಪರಿಚಯದ ದನಿ

ಈಗ ನನ್ನದೇ ಒಂದು ಸಂಗತಿ ಹೇಳಬೇಕು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಫೆಬ್ರುವರಿಯ ಒಂದು ಸಂಜೆ ಮನೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ರೇಡಿಯೋದಲ್ಲಿ ಪರೀಕ್ಷಾ ಭಯದ ಬಗ್ಗೆ ಫೋನ್-ಇನ್ ಬರುತ್ತಿತ್ತು. ಹುಡುಗನೊಬ್ಬ ಕರೆ ಮಾಡಿದ. "ನನ್ನ ಫ್ರೆಂಡ್ ಒಬ್ಬ ಅವ್ನ ಸಾ. ಅಂದ್ರ... ಅವ್ನು ಪ್ರಿಪರೇಟರೀಲಿ ಫೇಲಾಗ್ಬುಟ್ಟವ್ನ. ಅಂದ್ರ... ಮಾರ್ಕ್ಸ್ ಕಾರ್ಡ್‌ಗೆ ಅವ್ರ ಅವ್ವನ ಸೈನ ಅವ್ನೇ ಹಾಕ್ಬುಟ್ಟವ್ನ. ಅವ್ರಪ್ಪ ತಿರುಪ್ಪೂರಲ್ಲಿ ಕೆಲ್ಸಕ್ಕವ್ರ. ಅವ್ನು ಪರೀಕ್ಷ ಬರಿದೇ ಅಲ್ಲಿಗೇ ಹೋಗ್ಬುಡ್ತಿನಿ ಅಂತಾವ್ನ."

ನನ್ನ ಕೈಯ ಕೆಂಪು ಪೆನ್ನು ನಿಂತಿತು. ಮಾತಿಗೊಮ್ಮೆ 'ಅಂದ್ರ' ಎನ್ನುವ ಆ ದನಿ ನನ್ನ ತರಗತಿಯ ಮೂರನೇ ಬೆಂಚಿನದು. 'ಫ್ರೆಂಡ್' ಬೇರೆ ಯಾರೂ ಅಲ್ಲ, ಅವನೇ.

ವೈದ್ಯರು ಸಮಾಧಾನದಿಂದ ಕೇಳಿದರು: "ನಿನ್ನ ಸ್ನೇಹಿತನಿಗೆ ಶಾಲೆಯಲ್ಲಿ ಹೇಳಿಕೊಳ್ಳೋಕೆ ಯಾರೂ ಇಲ್ವಾಪ್ಪ?"

"ಸೈನ್ಸ್ ಮೇಷ್ಟ್ರು ಅವ್ರ ಸಾ, ಒಳ್ಳೇರೇ. ಆದ್ರ ಅವ್ರಿಗೆ ಹೇಳಕ್ಕಾಗಲ್ಲ. ಮಾರ್ಕ್ಸ್‌ನ ಎಲ್ರ ಮುಂದ ಓದಿ ನಗಾಡಿಸ್ಬುಡ್ತಾರ."

ಅದು ನಿಜವೇ ಆಗಿತ್ತು. ಕಡಿಮೆ ಅಂಕದಿಂದ ಶುರುಮಾಡಿ ಒಬ್ಬೊಬ್ಬರ ಹೆಸರು ಕೂಗಿ, ಒಂದೊಂದು ಚಟಾಕಿ ಹಾರಿಸಿ ಪತ್ರಿಕೆ ಹಂಚುವುದು ನನ್ನ ಪದ್ಧತಿ. ಮಕ್ಕಳು ನಗುತ್ತಿದ್ದರು. ಪಾಠ ಲವಲವಿಕೆಯಿಂದ ಸಾಗುತ್ತಿದೆ ಎಂದೇ ನಾನು ತಿಳಿದಿದ್ದೆ. ಆ ಹುಡುಗನ ಪತ್ರಿಕೆ ಕೊಡುವಾಗ ಏನಂದಿದ್ದೆ ಎಂದು ನೆನಪಿಸಿಕೊಳ್ಳಲು ಹೋದೆ. ನೆನಪಾಗಲಿಲ್ಲ. ಅವನಿಗೆ ಮಾತ್ರ ನೆನಪಿತ್ತು.

ವೈದ್ಯರು ಅವನಿಗೆ ಮೂರು ಮಾತು ಹೇಳಿದರು. ಸೈನು ಹಾಕಿದ್ದು ತಪ್ಪು, ಆದರೆ ಹೇಳಿಕೊಂಡರೆ ತಿದ್ದಿಕೊಳ್ಳಬಹುದಾದ ತಪ್ಪು. ಪರೀಕ್ಷೆಯಲ್ಲಿ ಒಂದು ಸಲ ಬಿದ್ದರೆ ಮತ್ತೆ ಬರೆಯಬಹುದು. ಒಬ್ಬರು ದೊಡ್ಡವರಿಗೆ ಈ ವಾರದಲ್ಲೇ ಹೇಳು, ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಅವನನ್ನು ಕರೆದು 'ನಿನ್ನ ದನಿ ಕೇಳಿದೆ ಕಣಯ್ಯ' ಎನ್ನಲೇ? ಅಂದರೆ ಅವನಿಗೆ ಉಳಿದಿದ್ದ ಒಂದೇ ಮರೆಯನ್ನೂ ಕಿತ್ತುಕೊಂಡಂತೆ. ಸುಮ್ಮನಿದ್ದರೆ ಅವನು ಬಸ್ಸು ಹತ್ತಿಬಿಟ್ಟರೆ? ಕೊನೆಗೆ ಎರಡು ಕೆಲಸ ಮಾಡಿದೆ. ತಿದ್ದಿದ ಪತ್ರಿಕೆಗಳನ್ನು ಮಡಚಿ, ಹೆಸರು ಕೂಗದೆ, ಒಬ್ಬೊಬ್ಬರ ಬೆಂಚಿನ ಮೇಲೆ ಇಟ್ಟುಬಂದೆ. ನಂತರ, ಸಂಜೆ ಗಂಟೆ ಹೊಡೆದ ಮೇಲೆ ಅರ್ಧ ಗಂಟೆ ದಿನವೂ ಪ್ರಯೋಗಾಲಯದಲ್ಲಿ ಇರುತ್ತೇನೆ, ಯಾವ ಅನುಮಾನವಿದ್ದರೂ ಬರಬಹುದು ಎಂದು ಹೇಳಿದೆ.

ಅವನು ಬಂದದ್ದು ನಾಲ್ಕನೆಯ ದಿನ, ನಿಮ್ನ ಮಸೂರದ ಸಂಗಮದೂರ ಕೇಳುವ ನೆವದಲ್ಲಿ. ಮಸೂರದ ಚಿತ್ರ ಬರೆದು ಮುಗಿದ ಮೇಲೂ ಎದ್ದು ಹೋಗಲಿಲ್ಲ. "ಸಾ, ನನ್ನ ಫ್ರೆಂಡ್ ಒಬ್ಬ..." ಎಂದ. ನಾನೂ "ನಿನ್ನ ಫ್ರೆಂಡ್‌ಗೆ ಹೇಳಪ್ಪ..." ಎಂದೇ ಉತ್ತರಿಸಿದೆ. ಹದಿನೈದು ನಿಮಿಷವಾದ ಮೇಲೆ 'ಫ್ರೆಂಡ್' ಎಂಬ ಮಾತು ತಾನಾಗಿಯೇ ಬಿದ್ದುಹೋಯಿತು. ಅವನ ಅವ್ವನಿಗೆ ಅವನೇ ಹೇಳಿದ, ನಾನು ಪಕ್ಕದಲ್ಲಿದ್ದೆ. ತಿರುಪ್ಪೂರಿಗೆ ಫೋನು ಹೋಯಿತು. ಅಪ್ಪ ಒಂದಿಷ್ಟು ಕೂಗಾಡಿ, ಕೊನೆಗೆ ಹೇಳಿದ ಮಾತು: "ಮೊದ್ಲು ಪರೀಕ್ಷ ಬರಿ ಮೊಗ. ಆಮೇಲ ನೋಡುವ."

ಬರೆದ. ಗಣಿತದಲ್ಲಿ ಹೋಯಿತು. ಪೂರಕ ಪರೀಕ್ಷೆಯಲ್ಲಿ ತೇರ್ಗಡೆಯಾದ.

ಎದೆ ಡವಗುಟ್ಟುವುದೇಕೆ?

ವಿದ್ಯಾರ್ಥಿಗಳೇ, ಅಂಜಿಕೆ ಎನ್ನುವುದು ನಿಮ್ಮ ದೌರ್ಬಲ್ಯವಲ್ಲ, ದೇಹದ ಒಂದು ಹಳೆಯ ಏರ್ಪಾಡು. ಹನೂರಿನಿಂದ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಆನೆ ಎದುರಾಯಿತು ಎನ್ನಿ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕೂಡಲೇ ಅಡ್ರಿನಲಿನ್ ಸುರಿಸುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ರಕ್ತ ಹೊಟ್ಟೆಯಿಂದ ಕೈಕಾಲಿನ ಸ್ನಾಯುಗಳಿಗೆ ಹರಿಯುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಕಾದಾಡಲು ಇಲ್ಲವೆ ಓಡಲು ದೇಹ ಸಜ್ಜಾಗುವ ಈ ಬಗೆಯನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿವರಿಸಿದರು. ತೊಂದರೆ ಏನೆಂದರೆ, ಆನೆಗೂ ಪ್ರಶ್ನೆಪತ್ರಿಕೆಗೂ ಇರುವ ವ್ಯತ್ಯಾಸ ಈ ಗ್ರಂಥಿಗಳಿಗೆ ತಿಳಿಯುವುದಿಲ್ಲ! ಪರೀಕ್ಷಾ ಕೊಠಡಿಯಲ್ಲಿ ಹೊಟ್ಟೆ ತೊಳೆಸಿದಂತಾಗುವುದು ಇದರಿಂದಲೇ.

ಸ್ವಲ್ಪ ಅಂಜಿಕೆ ಒಳ್ಳೆಯದು ಕೂಡ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಕಷ್ಟದ ಪಾಠ ಕಲಿಯುವಾಗ ಒತ್ತಡ ತೀರಾ ಕಡಿಮೆಯಾದರೂ ಕಲಿಕೆ ಕುಂಟುತ್ತದೆ, ಮಿತಿಮೀರಿದರೂ ಕುಂಟುತ್ತದೆ ಎಂದು ಕಂಡರು. ಇದನ್ನು ತಿಳಿಯಲು ನಮ್ಮ ಕೊಳ್ಳೇಗಾಲದ ಮಕ್ಕಳಿಗೆ ಇಲಿಯೇ ಬೇಕಿಲ್ಲ. ಮಗ್ಗದ ಮನೆಗೆ ಹೋಗಿ ನೋಡಿ. ಹಾಸಿನ ರೇಷ್ಮೆ ಎಳೆ ಸಡಿಲವಾದರೆ ಗೋಜಲಾಗುತ್ತದೆ, ಅತಿ ಬಿಗಿಯಾದರೆ ತುಂಡಾಗುತ್ತದೆ. ಹದವಾದ ಬಿಗಿಯಲ್ಲಿ ಮಾತ್ರ ಸೀರೆ.

ಬಿಗಿ ಹೆಚ್ಚಾಯಿತೆನಿಸಿದಾಗ ಹೀಗೆ ಮಾಡಿ. ಬೆನ್ನು ನೆಟ್ಟಗೆ ಮಾಡಿ ಕೂತು 4 ಎಣಿಸುವಷ್ಟು ಹೊತ್ತು ಉಸಿರೆಳೆದುಕೊಳ್ಳಿ, 6 ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ನಾಲ್ಕೈದು ಸಲ ಸಾಕು. ದೀರ್ಘವಾಗಿ ಉಸಿರು ಬಿಡುವಾಗ ವೇಗಸ್ ಎಂಬ ನರ ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ಆಮೇಲೆ ಗೊತ್ತಿರುವ ಒಂದು ಪ್ರಶ್ನೆಯಿಂದ ಬರೆಯಲು ತೊಡಗಿ. ಹಿಂದಿನ ರಾತ್ರಿ ನಿದ್ದೆಗೆಟ್ಟು ಓದಬೇಡಿ, ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ದೆಯಲ್ಲೇ. ಇನ್ನೊಂದು ಮಾತು: 2024ರಿಂದ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ-1, 2, 3 ಎಂದು ಮೂರು ಅವಕಾಶಗಳ ಪದ್ಧತಿ ಬಂದಿತು. ಒಂದು ಬೆಳಗಿನ ಮೂರು ಗಂಟೆಯಲ್ಲಿ ಇಡೀ ಬದುಕು ತೀರ್ಮಾನವಾಗುವುದಿಲ್ಲ.

ಪೋಷಕರಲ್ಲಿ ಅರಿಕೆ

'ಮನೆ ಮಾತು ಹೊರಗೆ ಹೋಗಬಾರದು' ಎಂಬುದು ನಮ್ಮ ಹಿರಿಯರ ನಂಬಿಕೆ. ಸರಿ, ಆದರೆ ಆ ಮಾತು ಮನೆಯೊಳಗಾದರೂ ಆಡಲು ಜಾಗ ಬೇಕಲ್ಲವೆ? ಮಗ ಬಾಯಿ ತೆರೆದ ಕೂಡಲೇ 'ನಿನ್ನ ವಯಸ್ಸಲ್ಲಿ ನಾನು' ಎಂದು ನಮ್ಮ ಕಥೆ ಶುರುಮಾಡುತ್ತೇವೆ. ಮಗಳು ಸ್ನೇಹಿತೆಯ ವಿಷಯ ಎತ್ತಿದರೆ 'ಮೊದಲು ಓದು' ಎನ್ನುತ್ತೇವೆ. ಪಕ್ಕದ ಮನೆಯ ಹುಡುಗನ ಅಂಕ ತಂದು ತಟ್ಟೆಯ ಮುಂದಿಡುತ್ತೇವೆ. ಫೋನ್-ಇನ್ ನಡೆಸುವವರು ಮಾಡುವ ಕೆಲಸ ಗಮನಿಸಿ. ಅವರು ಪೂರ್ತಿ ಕೇಳುತ್ತಾರೆ, ಕೇಳಿದ್ದನ್ನು ಒಮ್ಮೆ ತಿರುಗಿ ಹೇಳಿ 'ಹೀಗೇ ತಾನೆ?' ಎನ್ನುತ್ತಾರೆ, ಆಮೇಲೆ ಮಾತ್ರ ಉತ್ತರ. ಇದಕ್ಕೆ ಡಾಕ್ಟರ್ ಓದು ಬೇಕಿಲ್ಲ. ಎದುರುಬದುರು ಕೂತು ಮಾತು ಹೊರಡದಿದ್ದರೆ ಅವರೆಕಾಯಿ ಬಿಡಿಸುವಾಗಲೋ ರೇಷ್ಮೆಹುಳಕ್ಕೆ ಸೊಪ್ಪು ಹಾಕುವಾಗಲೋ ಕೇಳಿ. ಕಣ್ಣು ಕೆಲಸದ ಮೇಲಿದ್ದರೆ ಬಾಯಿ ಸುಲಭವಾಗಿ ತೆರೆಯುತ್ತದೆ. ದೂರದ ಊರಿಗೆ ದುಡಿಯಲು ಹೋದ ಅಪ್ಪಂದಿರು ಫೋನಿನಲ್ಲಿ 'ಓದ್ತಾ ಇದೀಯಾ?' ಎನ್ನುವ ಬದಲು 'ಇವತ್ತು ಏನಾಯ್ತು ಮೊಗ?' ಎಂದು ಕೇಳಿ ನೋಡಲಿ.

ರೇಡಿಯೋಗೆ ಕರೆ ಮಾಡುವ ಮಕ್ಕಳಿಗೂ ಒಂದು ಎಚ್ಚರಿಕೆ. ಹೆಸರು, ಊರು, ಶಾಲೆ ಹೇಳಬೇಕಿಲ್ಲ. ಇನ್ನೊಬ್ಬರ ಹೆಸರನ್ನಂತೂ ಹೇಳಲೇಬೇಡಿ.

ಐದು ನಿಮಿಷದ ಕರೆಗೆ ಮಿತಿ ಇದೆ ಎಂಬುದನ್ನೂ ಮರೆಯಬಾರದು. ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ, ಆಟ ಗೆಳೆಯರನ್ನೆಲ್ಲ ಬಿಟ್ಟು ಮೂಲೆ ಸೇರಿದ್ದರೆ, 'ನಾನಿಲ್ಲದಿದ್ದರೇ ಚೆಂದ' ಎಂಬಂಥ ಮಾತು ಬಂದರೆ, ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. ನೇರವಾಗಿ, ಪ್ರೀತಿಯಿಂದ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಒಬ್ಬಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಈ ಸೇವೆ ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬಾಲ್ಯವಿವಾಹ, ಕಿರುಕುಳದಂಥ ತೊಂದರೆಗಳಿಗೆ ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ನನ್ನ ಪ್ರಯೋಗಾಲಯದ ಬಾಗಿಲಿಗೆ ಅಂಟಿಸಿದ್ದೇನೆ.

ಕೊನೆಯದಾಗಿ, ಆ ಹುಡುಗನ ಸುದ್ದಿ. ಐ.ಟಿ.ಐ. ಮುಗಿಸಿ ಈಗ ಎಲೆಕ್ಟ್ರಿಷಿಯನ್ ಆಗಿದ್ದಾನೆ. ಹೋದ ವರ್ಷ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಟೀ ಕುಡಿಸಿದ. "ಸಾ, ಒಂದ್ ಇಸ್ಯ ನಿಮಗ ಹೇಳೇ ಇಲ್ಲ. ಆಗ ನಾನು ರೇಡಿಯೋಗ ಫೋನ್ ಮಾಡಿದ್ದಿ" ಎಂದ. ನಾನು ಕೇಳಿಸಿಕೊಂಡಿದ್ದೆ ಎಂದು ಒಪ್ಪಿಕೊಂಡೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಗೊತ್ತು ಸಾ. ಪೇಪರ್ ಮಡಚಿ ಇಟ್ರಲ್ಲ, ಅವತ್ತೇ ಗೊತ್ತಾಯ್ತು" ಎಂದ. ಇದನ್ನು ಬರೆಯಲೇ ಎಂದು ಕೇಳಿದ್ದಕ್ಕೆ "ಬರೀರಿ, ಹೆಸ್ರು ಹಾಕ್ಬೇಡಿ" ಎಂದ.

ಹಾಕಿಲ್ಲ. ಪತ್ರಿಕೆಗಳನ್ನು ಮಾತ್ರ ಇವತ್ತಿಗೂ ಮಡಚಿಯೇ ಕೊಡುತ್ತೇನೆ.